ಮಾನಿಟರ್ ಮಿಣುಕಿದ್ರೆ ಮೊದಲು ಪರ್ಸ್ ತೆಗೀಬೇಡಿ

ಭಾಗ 1/8

ಫೋಟೋದಲ್ಲಿರೋದು ನನ್ನ ಟೇಬಲ್. ಲ್ಯಾಪ್‌ಟಾಪ್, ಪಕ್ಕದಲ್ಲಿ 22 ಇಂಚಿನ ಸೆಕೆಂಡ್ ಹ್ಯಾಂಡ್ ಮಾನಿಟರ್, ಮೂಲೆಯಲ್ಲಿ ಅಮ್ಮನ ಹೊಲಿಗೆ ಮೆಷಿನ್. ನಮ್ಮದು ಒಂದೇ ರೂಮ್, ಅದರಲ್ಲೇ ಎಲ್ಲಾ.

ಕಳೆದ ತಿಂಗಳು ಟ್ಯಾಲಿ ಪ್ರಾಕ್ಟೀಸ್ ಮಾಡ್ತಾ ಕೂತಾಗ ಮಾನಿಟರ್ ಇದ್ದಕ್ಕಿದ್ದಂತೆ ಕಪ್ಪಾಯ್ತು. ಒಂದೇ ಸೆಕೆಂಡ್, ಮತ್ತೆ ಬಂತು. ಐದು ನಿಮಿಷ ಬಿಟ್ಟು ಮತ್ತೆ ಹಾಗೇ. ಆ ಸಂಜೆ ಹತ್ತು ಸಲವಾದ್ರೂ ಆಗಿರಬೇಕು. ಮರುದಿನ ಅದನ್ನ ಬೆಡ್‌ಶೀಟಲ್ಲಿ ಸುತ್ತಿ, ಬಸ್ಸಲ್ಲಿ ತೊಡೆ ಮೇಲೆ ಇಟ್ಕೊಂಡು ಒಂದು ಅಂಗಡಿಗೆ ಹೋದೆ. ಅಣ್ಣ ಪ್ಲಗ್ ಕೂಡ ಹಾಕಲಿಲ್ಲ. "ಎಷ್ಟು ವರ್ಷ ಹಳೇದು?" ಅಂತ ಕೇಳಿದ್ರು, ಹೇಳಿದೆ. "ಪ್ಯಾನೆಲ್ ಹೋಗಿದೆ. 5,800 ಆಗುತ್ತೆ. ಅದಕ್ಕಿಂತ ಹೊಸದೇ ತಗೊಳ್ಳಿ" ಅಂದ್ರು.

ಮನೆಗೆ ಬಂದು ಹೇಳಿದೆ. ಅಮ್ಮ ಬೈಯಲಿಲ್ಲ. "ಆಯ್ತು ಬಿಡು, ಹೊಲಿದು ಕೊಡ್ತೀನಿ" ಅಂದ್ಲು. ಅದೇ ನನಗೆ ಚುಚ್ಚಿದ್ದು.

ಈ ಸರಣಿಯಲ್ಲಿ ನಾನು ಹೇಳೋಕೆ ಹೊರಟಿರೋದು ಒಂದೇ ಮಾತು. ಸ್ಕ್ರೀನ್ ಮಿಣುಕಿದ್ರೆ ಸ್ಕ್ರೀನೇ ಕೆಟ್ಟಿದೆ ಅಂತ ಅರ್ಥ ಅಲ್ಲ. ಅತಿ ದುಬಾರಿ ಅನುಮಾನವನ್ನ ಕೊನೆಗೆ ಇಟ್ಕೊಳ್ಳಿ.

ಭಾಗ 2/8

ನಾವು ಕಾಮರ್ಸ್‌ನವರು. ಟ್ರಯಲ್ ಬ್ಯಾಲೆನ್ಸ್ ತಾಳೆ ಆಗದಿದ್ರೆ ಏನು ಮಾಡ್ತೀವಿ? ಲೆಡ್ಜರ್ ಹರಿದು ಹೊಸದು ಬರೆಯಲ್ಲ. ವ್ಯತ್ಯಾಸವನ್ನ ಸಸ್ಪೆನ್ಸ್ ಅಕೌಂಟ್‌ಗೆ ಹಾಕಿ, ಒಂದೊಂದೇ ಎಂಟ್ರಿ ನೋಡ್ತಾ ತಪ್ಪು ಹುಡುಕ್ತೀವಿ. ಸಿಕ್ಕಾಗ ಸಸ್ಪೆನ್ಸ್ ಅಕೌಂಟ್ ಮುಚ್ಚುತ್ತೆ. ಮಾನಿಟರ್‌ಗೂ ಅಷ್ಟೇ ಮರ್ಯಾದೆ ಕೊಡಿ ಅಂತ ನನ್ನ ವಾದ.

ಚಿತ್ರ ನಿಮ್ಮ ಕಣ್ಣಿಗೆ ಬರೋ ದಾರಿ ಉದ್ದ ಇದೆ. ಆ್ಯಪ್, ವಿಂಡೋಸ್, ಗ್ರಾಫಿಕ್ಸ್ ಡ್ರೈವರ್, ಲ್ಯಾಪ್‌ಟಾಪ್ ಪೋರ್ಟ್, ಕೇಬಲ್, ಮಾನಿಟರ್ ಒಳಗಿನ ಬೋರ್ಡ್, ಕೊನೆಗೆ ಪ್ಯಾನೆಲ್. ಇದರ ಜೊತೆಗೆ ಎಲ್ಲದಕ್ಕೂ ಕರೆಂಟ್. ಇದರಲ್ಲಿ ಎಲ್ಲಿ ತೊಂದರೆ ಆದ್ರೂ ಕಾಣೋದು ಮಾತ್ರ ಸ್ಕ್ರೀನ್ ಮೇಲೆ. ಅದಕ್ಕೇ ಎಲ್ಲರೂ ಸ್ಕ್ರೀನನ್ನೇ ಬೈಯೋದು.

ಈಗ ಪಟ್ಟಿಯನ್ನ ಖರ್ಚಿನ ಲೆಕ್ಕದಲ್ಲಿ ನೋಡಿ. ಸೆಟ್ಟಿಂಗ್ ಬದಲಿಸೋಕೆ 0 ರೂಪಾಯಿ. ಕೇಬಲ್ ಬಿಚ್ಚಿ ಹಾಕೋಕೆ 0. ಗೆಳೆಯನ ಕೇಬಲ್ ಎರವಲು ತರೋಕೆ ಒಂದು ಟೀ. ಪ್ಯಾನೆಲ್‌ಗೆ ಸಾವಿರಗಟ್ಟಲೆ. ಹಾಗಿದ್ರೂ ನಾವು ಮೊದಲು ಸಾವಿರಗಟ್ಟಲೆ ಇರೋ ಬಾಗಿಲನ್ನೇ ತಟ್ಟೋದು ಯಾಕೆ? ಭಯಕ್ಕೆ. ನಮಗೆ ಗೊತ್ತಿಲ್ಲ ಅನ್ನೋ ಭಯ.

ಭಾಗ 3/8

ಮೊದಲ ಕೆಲಸ, ಏನೂ ಮುಟ್ಟದೆ ಸುಮ್ಮನೆ ನೋಡೋದು. "ಫ್ಲಿಕರ್ ಆಗುತ್ತೆ" ಅನ್ನೋದು "ಹೊಟ್ಟೆ ನೋವು" ಅಂದಂಗೆ. ಯಾವ ಥರ ಅಂತ ಹೇಳದಿದ್ರೆ ಡಾಕ್ಟರ್ ಏನು ಮಾಡ್ತಾರೆ?

ಇಡೀ ಸ್ಕ್ರೀನ್ ಒಂದೆರಡು ಸೆಕೆಂಡ್ ಕಪ್ಪಾಗಿ ವಾಪಸ್ ಬಂದ್ರೆ, ಹೆಚ್ಚಾಗಿ ಸಿಗ್ನಲ್ ಕಡಿದು ಮತ್ತೆ ಸೇರ್ತಿದೆ. ಕೇಬಲ್, ಪೋರ್ಟ್, ಅಡಾಪ್ಟರ್ ಕಡೆ ನೋಡಿ.

ಒಂದೇ ಆ್ಯಪ್ ತೆಗೆದಾಗ ಮಾತ್ರ ಆದ್ರೆ ಅನುಮಾನ ಸಾಫ್ಟ್‌ವೇರ್ ಮೇಲೆ.

ಬೆಳಕು ಮಾತ್ರ ಏರಿಳಿತ ಆದ್ರೆ ಮಾನಿಟರ್ ಮೆನುವಲ್ಲಿ ಡೈನಾಮಿಕ್ ಕಾಂಟ್ರಾಸ್ಟ್ ಮತ್ತು ಅಡಾಪ್ಟಿವ್ ಸಿಂಕ್ ಆಫ್ ಮಾಡಿ ನೋಡಿ. ಗೇಮ್ ಆಡೋರಿಗೆ ಈ ಎರಡನೇದು ಜಾಸ್ತಿ ಕಾಡುತ್ತೆ.

ಕಣ್ಣಿಗೆ ಕಾಣಲ್ಲ, ಆದ್ರೆ ತಲೆ ನೋಯುತ್ತೆ ಅಂದ್ರೆ ಬ್ರೈಟ್‌ನೆಸ್ 100ಕ್ಕೆ ಏರಿಸಿ ನೋಡಿ. ಕೆಲವು ಮಾನಿಟರ್‌ಗಳು ಬೆಳಕು ಕಡಿಮೆ ಮಾಡೋದೇ ಬ್ಯಾಕ್‌ಲೈಟನ್ನ ಬಲು ವೇಗವಾಗಿ ಆನ್-ಆಫ್ ಮಾಡಿ. 100ರಲ್ಲಿ ಹಾಯ್ ಅನಿಸಿದ್ರೆ ಕಾರಣ ಅದೇ ಇರಬಹುದು.

ಮೊಬೈಲ್ ಕ್ಯಾಮೆರಾದಲ್ಲಿ ಮಾತ್ರ ಪಟ್ಟೆ ಕಂಡ್ರೆ ಗಾಬರಿ ಬೇಡ. ಕ್ಯಾಮೆರಾ ಚಿತ್ರವನ್ನ ಸಾಲು ಸಾಲಾಗಿ ಓದೋದ್ರಿಂದ ಸರಿಯಾಗಿರೋ ಸ್ಕ್ರೀನಲ್ಲೂ ಪಟ್ಟೆ ಬರುತ್ತೆ.

ಭಾಗ 4/8

ಈಗ ಬಿಟ್ಟಿ ಪರೀಕ್ಷೆಗಳು.

ಒಂದು. ಮಾನಿಟರ್ ಆನ್ ಇರುವಾಗಲೇ ಲ್ಯಾಪ್‌ಟಾಪಿಂದ ಬರೋ ಕೇಬಲ್ ಮಾತ್ರ ತೆಗೀರಿ. "ನೋ ಸಿಗ್ನಲ್" ಅಂತ ಬರುತ್ತಲ್ಲ, ಆ ಬರಹವೂ ಮಿಣುಕಿದ್ರೆ ತಪ್ಪು ಮಾನಿಟರ್‌ದು ಅಥವಾ ಅದಕ್ಕೆ ಬರೋ ಕರೆಂಟಿಂದು. ಬರಹ ಗಟ್ಟಿಯಾಗಿ ನಿಂತ್ರೆ ಮಾನಿಟರ್ ಮೇಲಿನ ಅನುಮಾನ ಅರ್ಧ ಇಳೀತು. ಅಪರೂಪಕ್ಕೆ ಬರೋ ತೊಂದರೆ ಆದ್ರೆ ಈ ಪರೀಕ್ಷೆ ಎರಡು ಮೂರು ಸಲ ಮಾಡಿ.

ಎರಡು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೀರಿ. ಮೈಕ್ರೋಸಾಫ್ಟ್ ಹೇಳೋದೇ ಇದನ್ನ: ಟಾಸ್ಕ್ ಮ್ಯಾನೇಜರೂ ಸೇರಿ ಎಲ್ಲಾ ಮಿಣುಕಿದ್ರೆ ಡಿಸ್‌ಪ್ಲೇ ಡ್ರೈವರ್ ಮೇಲೆ ಅನುಮಾನ. ಅದೊಂದು ಬಿಟ್ಟು ಉಳಿದದ್ದು ಮಿಣುಕಿದ್ರೆ ಯಾವುದೋ ಆ್ಯಪ್ ಹೊಂದಿಕೊಳ್ತಿಲ್ಲ.

ಮೂರು. ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್ ಜೊತೆ ಬಿ ಒತ್ತಿ. ಒಂದು ಬೀಪ್ ಬಂದು ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತೆ. ಯಾವ ಫೈಲೂ ಹೋಗಲ್ಲ. ಅಪ್‌ಡೇಟ್ ಆದ ಮೇಲೇ ತೊಂದರೆ ಶುರುವಾಗಿದ್ರೆ ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಅಡಾಪ್ಟರ್‌ಗೆ ಹೋಗಿ, ಡ್ರೈವರ್ ಟ್ಯಾಬ್‌ನಲ್ಲಿ ರೋಲ್ ಬ್ಯಾಕ್ ಮಾಡಬಹುದು.

ನಾಲ್ಕು. ಸೆಟ್ಟಿಂಗ್ಸ್‌ನಲ್ಲಿ ಅಡ್ವಾನ್ಸ್ಡ್ ಡಿಸ್‌ಪ್ಲೇ ತೆಗೆದು ರಿಫ್ರೆಶ್ ರೇಟ್ ನೋಡಿ. 75 ಇದ್ರೆ 60 ಮಾಡಿ. ನಿಂತುಹೋದ್ರೆ ಕೇಬಲ್ಲೋ ಅಡಾಪ್ಟರೋ ಆ ಭಾರ ಹೊರಲಾರದೆ ಏದುಸಿರು ಬಿಡ್ತಿದೆ ಅಂತ ಅರ್ಥ.

ಭಾಗ 5/8

ಕೇಬಲ್ ವಿಷಯಕ್ಕೆ ಒಂದು ಪೂರ್ತಿ ಭಾಗ ಕೊಡ್ತೀನಿ, ಯಾಕಂದ್ರೆ ನಾವೆಲ್ಲ ಅದನ್ನ ಬರೀ ದಾರ ಅಂದ್ಕೊಂಡಿದ್ದೀವಿ.

ಲೆಕ್ಕ ಹಾಕಿ. ಫುಲ್ ಎಚ್‌ಡಿ ಅಂದ್ರೆ 1920 ಗುಣಿಸು 1080, ಅಂದ್ರೆ 20,73,600 ಚುಕ್ಕೆಗಳು. ಸೆಕೆಂಡಿಗೆ 60 ಸಲ. ಒಟ್ಟು 12,44,16,000. ಪ್ರತಿ ಸೆಕೆಂಡ್ ಹನ್ನೆರಡು ಕೋಟಿಗೂ ಮಿಕ್ಕಿ ಚುಕ್ಕೆಗಳ ಬಣ್ಣದ ಲೆಕ್ಕ ಆ ತೆಳು ತಂತಿಗಳ ಮೇಲೆ ಓಡ್ತಿರುತ್ತೆ. ಪಿನ್ ಸ್ವಲ್ಪ ಸಡಿಲ ಆದ್ರೂ, ಒಳಗೆ ಒಂದು ತಂತಿ ಮುರಿದ್ರೂ ಲೆಕ್ಕ ತಪ್ಪುತ್ತೆ.

ಹಾಗಾಗಿ ಎರಡೂ ತುದಿ ಬಿಚ್ಚಿ ಗಟ್ಟಿಯಾಗಿ ಹಾಕಿ. ಮಾನಿಟರ್‌ನ ಇನ್ನೊಂದು ಪೋರ್ಟ್‌ಗೆ ಹಾಕಿ ನೋಡಿ. ಟೈಪ್-ಸಿ ಹಬ್ ಬಳಸ್ತಿದ್ರೆ, ಲ್ಯಾಪ್‌ಟಾಪಲ್ಲಿ ನೇರ ಎಚ್‌ಡಿಎಂಐ ಇದ್ರೆ ಹಬ್ ಬಿಟ್ಟು ನೋಡಿ. ಬೇರೆ ಕೇಬಲ್ ತಂದು ನೋಡಿ, ಚಿಕ್ಕದಾದಷ್ಟೂ ಒಳ್ಳೇದು. ಅದೇ ಮಾನಿಟರ್‌ಗೆ ಬೇರೆ ಲ್ಯಾಪ್‌ಟಾಪ್ ಹಚ್ಚಿ ನೋಡಿ.

ಒಂದೇ ಷರತ್ತು. ಒಂದು ಸಲಕ್ಕೆ ಒಂದೇ ಬದಲಾವಣೆ. ಕೇಬಲ್, ಪೋರ್ಟ್, ಡ್ರೈವರ್ ಮೂರೂ ಒಟ್ಟಿಗೆ ಬದಲಿಸಿ ಸರಿಹೋದ್ರೆ ಖುಷಿ ಆಗುತ್ತೆ, ಆದ್ರೆ ಕಾರಣ ಗೊತ್ತಾಗಲ್ಲ. ಮುಂದಿನ ವಾರ ಮತ್ತೆ ಬಂದ್ರೆ ಮತ್ತೆ ಸೊನ್ನೆಯಿಂದ ಶುರು.

ಭಾಗ 6/8

ಈಗ ನನ್ನ ಕಥೆಗೆ ವಾಪಸ್ ಬರ್ತೀನಿ. ನೋ ಸಿಗ್ನಲ್ ಬರಹ ಗಟ್ಟಿಯಾಗೇ ನಿಂತಿತ್ತು. ಡ್ರೈವರ್, ರಿಫ್ರೆಶ್ ರೇಟ್ ಎರಡೂ ನೋಡಿದ್ದಾಯ್ತು, ಪ್ರಯೋಜನ ಆಗಲಿಲ್ಲ. ಆಗ ಕಾಸ್ಟಿಂಗ್ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಟೈಮ್ ಬರೆದಿಡೋಕೆ ಶುರು ಮಾಡಿದೆ. ನಾಲ್ಕು ಸಂಜೆ ಬರೆದೆ. ಎಲ್ಲಾ ಆರೂವರೆಯಿಂದ ಒಂಬತ್ತರ ಒಳಗೆ. ಬೆಳಿಗ್ಗೆ ಒಂದೂ ಇಲ್ಲ. ಮತ್ತೆ ದಿನದಿಂದ ದಿನಕ್ಕೆ ಜಾಸ್ತಿ ಆಗ್ತಿತ್ತು. "ನೋಡಮ್ಮ, ಪ್ಯಾನೆಲ್ ಸಾಯ್ತಾ ಇದೆ" ಅಂದೆ. ಅಮ್ಮ ತಲೆ ಎತ್ತದೆ "ಇನ್ನೊಂದು ವಾರ ತಡಿ" ಅಂದ್ಲು.

ಭಾನುವಾರ ಅಮ್ಮ ಮದುವೆಗೆ ಹೋಗಿದ್ಲು. ಇಡೀ ಸಂಜೆ ಒಂದು ಸಲವೂ ಮಿಣುಕಲಿಲ್ಲ. ಸೋಮವಾರ ಅಮ್ಮ ಬಂದು ಕೂತು ಪೆಡಲ್ ಒತ್ತಿದ್ಲು, ನನ್ನ ಸ್ಕ್ರೀನ್ ಕಪ್ಪಾಯ್ತು.

ನಾನು ಎದ್ದು ನಿಂತೆ. "ಅಮ್ಮ, ಇನ್ನೊಂದ್ಸಲ ಒತ್ತು."

ಹತ್ತು ಸಲ ಒತ್ತಿಸಿದೆ. ಏಳು ಸಲ ಕಪ್ಪಾಯ್ತು.

ಬರೀ ಮೆಷಿನ್ ಪ್ಲಗ್ಗನ್ನ ಅಡುಗೆಮನೆ ಗೋಡೆಯ ಸಾಕೆಟ್‌ಗೆ ಬದಲಿಸಿದೆ. ಹತ್ತಕ್ಕೆ ಮೂರು. ಅದನ್ನ ಹಾಗೇ ಬಿಟ್ಟು ಗೆಳೆಯನ ಹತ್ರ ತಂದ ಒಂದು ಮೀಟರ್ ಉದ್ದದ, ಒಳ್ಳೆ ಶೀಲ್ಡ್ ಇರೋ ಕೇಬಲ್ ಹಾಕಿದೆ. ಹತ್ತಕ್ಕೆ ಸೊನ್ನೆ. ನಂಬಿಕೆ ಬರಲಿಲ್ಲ. ಹಳೇ ಕೇಬಲ್, ಹಳೇ ಬೋರ್ಡ್ ಎರಡೂ ವಾಪಸ್ ಹಾಕಿ ನೋಡಿದೆ. ಆರು. ಈಗ ಮಾತ್ರ ಕಾರಣ ಸಿಕ್ಕಿತು ಅಂತ ಒಪ್ಪಿಕೊಂಡೆ.

ಭಾಗ 7/8

ಯಾಕೆ ಹೀಗಾಗುತ್ತೆ? ಹೊಲಿಗೆ ಮೆಷಿನ್ನಿನ ಚಿಕ್ಕ ಮೋಟಾರಲ್ಲೂ, ಮಿಕ್ಸಿ, ಡ್ರಿಲ್‌ನಲ್ಲೂ ಸಾಮಾನ್ಯವಾಗಿ ಕಾರ್ಬನ್ ಬ್ರಷ್ ಇರುತ್ತೆ. ಅದು ತಿರುಗುವಾಗ ಸಣ್ಣ ಸಣ್ಣ ಕಿಡಿ. ಆ ಕಿಡಿಯ ಗಲಾಟೆ ವೈರ್ ಮೂಲಕವೂ ಗಾಳಿಯಲ್ಲೂ ಹರಡುತ್ತೆ. ಎಚ್‌ಡಿಎಂಐ ಸಿಗ್ನಲ್ ಬಲು ಮೆಲು ದನಿಯದ್ದು. ಕೇಬಲ್‌ಗೆ ಶೀಲ್ಡ್ ಸರಿ ಇಲ್ಲದಿದ್ರೆ, ಬೋರ್ಡ್‌ಗೆ ಅರ್ಥಿಂಗ್ ಇಲ್ಲದಿದ್ರೆ ಆ ಗಲಾಟೆಯಲ್ಲಿ ಅದರ ಮಾತು ಕೇಳಿಸಲ್ಲ. ಮಾನಿಟರ್ ಒಂದು ಕ್ಷಣ ತಬ್ಬಿಬ್ಬಾಗಿ, ಮತ್ತೆ ಸಿಗ್ನಲ್ ಹಿಡಿಯುತ್ತೆ. ನಮಗೆ ಕಾಣೋದು ಆ ಕಪ್ಪು ಸೆಕೆಂಡ್.

ಇದು ನಮ್ಮ ಮನೆಯ ವಿಚಿತ್ರ ಅಲ್ಲ. ಗ್ಯಾಸ್ ಲಿಫ್ಟ್ ಇರೋ ಆಫೀಸ್ ಕುರ್ಚಿಯಲ್ಲಿ ಕೂತು ಎದ್ದಾಗ ಹುಟ್ಟೋ ಸ್ಟ್ಯಾಟಿಕ್‌ನಿಂದಲೂ ಸ್ಕ್ರೀನ್ ಕಪ್ಪಾಗಬಹುದು ಅಂತ ಡಿಸ್‌ಪ್ಲೇಲಿಂಕ್ ಕಂಪನಿ ತನ್ನ ಸಹಾಯ ಪುಟದಲ್ಲೇ ಬರೆದಿದೆ.

ನಮ್ಮ ಎಕ್ಸ್‌ಟೆನ್ಷನ್ ಬಾಕ್ಸ್ ಬಿಚ್ಚಿ ನೋಡಿದ ಎಲೆಕ್ಟ್ರಿಷಿಯನ್ ಅಣ್ಣ ನಕ್ಕುಬಿಟ್ರು. ಮೂರು ತೂತು ಇದೆ, ಒಳಗೆ ಎರಡೇ ವೈರ್. ಮೂರನೇ ತೂತು ಬರೀ ಅಲಂಕಾರ. ಇದು ಸ್ಕ್ರೀನ್‌ಗಿಂತ ದೊಡ್ಡ ವಿಷಯ, ಶಾಕ್ ಹೊಡೆಯೋ ವಿಷಯ. ನಿಮ್ಮ ಮನೇದೂ ಒಮ್ಮೆ ತೋರಿಸಿ.

ಹೊಸ ಕೇಬಲ್ 320. ಮೂರು ವೈರಿನ ಎಕ್ಸ್‌ಟೆನ್ಷನ್ 480. ಒಟ್ಟು 800.

ಅಮ್ಮ ಒಂದು ಪ್ಲೇನ್ ಬ್ಲೌಸ್‌ಗೆ 150 ತಗೊಳ್ತಾಳೆ. ದಾರ, ಹುಕ್ಕು, ಕರೆಂಟ್ ಕಳೆದ್ರೆ 120 ಉಳಿಯುತ್ತೆ. 5,800ಕ್ಕೆ 49 ಬ್ಲೌಸ್. 800ಕ್ಕೆ 7.

ಆಮೇಲೆ ಹೊಳೀತು. ದಿನದಿಂದ ದಿನಕ್ಕೆ ಮಿಣುಕು ಜಾಸ್ತಿ ಆಗಿದ್ದು ಪ್ಯಾನೆಲ್ ಸಾಯ್ತಿದ್ದಕ್ಕಲ್ಲ. ಪ್ಯಾನೆಲ್ ದುಡ್ಡಿಗೆ ಅಂತ ಅಮ್ಮ ದಿನಾ ಎರಡು ಗಂಟೆ ಜಾಸ್ತಿ ಹೊಲೀತಿದ್ದಳು.

ಭಾಗ 8/8

"ಎಲ್ಲರಿಗೂ ಇಷ್ಟು ಟೈಮ್ ಎಲ್ಲಿದೆ?" ಅಂತ ಕೇಳ್ತೀರಿ. ಸರಿ, ಟೈಮಿಗೂ ಬೆಲೆ ಇದೆ. ಆದ್ರೆ ಭಾಗ 4 ಮತ್ತು 5ರ ಪರೀಕ್ಷೆಗಳಿಗೆ ಒಂದು ಗಂಟೆ ಸಾಕು. ನಮ್ಮ ವಯಸ್ಸಲ್ಲಿ ಒಂದು ಗಂಟೆ ರೀಲ್ಸ್‌ಗೆ ಹೋಗೋದು ಗೊತ್ತೇ ಆಗಲ್ಲ.

ನಿಜವಾಗಲೂ ಮಾನಿಟರೇ ಕೆಟ್ಟಿರಬಹುದು. ನೋ ಸಿಗ್ನಲ್ ಬರಹವೂ ಮಿಣುಕಿ, ಬೇರೆ ಸಾಕೆಟ್‌ನಲ್ಲೂ, ಬೇರೆ ಮನೆಯಲ್ಲೂ ಹಾಗೇ ಆದ್ರೆ ಒಳಗಿನ ಪವರ್ ಬೋರ್ಡ್ ಅಥವಾ ಬ್ಯಾಕ್‌ಲೈಟ್ ಹೋಗಿರುತ್ತೆ. ಸುಟ್ಟ ವಾಸನೆ ಬಂದ್ರೆ ತಕ್ಷಣ ಸ್ವಿಚ್ ಆಫ್ ಮಾಡಿ. ಯೂಟ್ಯೂಬ್ ನೋಡ್ಕೊಂಡು ಒಳಗೆ ಬಿಚ್ಚೋಕೆ ಹೋಗಬೇಡಿ, ಪ್ಲಗ್ ತೆಗೆದ ಮೇಲೂ ಕೆಪ್ಯಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತೆ. ವಾರಂಟಿ ಇದೆಯಾ ನೋಡಿ, ಆಮೇಲೆ ಅಂಗಡಿಗೆ ಹೋಗಿ.

ಅಂಗಡಿಯವರೆಲ್ಲ ಮೋಸಗಾರರು ಅಂತ ನಾನು ಹೇಳ್ತಿಲ್ಲ. ಆ ಎಲೆಕ್ಟ್ರಿಷಿಯನ್ ಅಣ್ಣನೂ ರಿಪೇರಿಯವರೇ. ಆದ್ರೆ ವ್ಯತ್ಯಾಸ ಗುರುತಿಸೋದು ಕಲೀರಿ. ಒಳ್ಳೆ ರಿಪೇರಿಯವರು ಮೊದಲು ಕೇಳೋದು "ಯಾವಾಗ ಆಗುತ್ತೆ? ಏನು ಹಚ್ಚಿದಾಗ ಆಗುತ್ತೆ?" ಅಂತ. ಪ್ಲಗ್ ಹಾಕದೇ ರೇಟ್ ಹೇಳಿದ್ರೆ ಅಲ್ಲಿಂದ ಎದ್ದು ಬನ್ನಿ. ಪಾರ್ಟ್ ಬದಲಿಸಿದ್ರೆ ಬಿಲ್ ಕೇಳಿ, ಹಳೇ ಪಾರ್ಟ್ ವಾಪಸ್ ಕೇಳಿ. ಬಿಸಿನೆಸ್ ಲಾದಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ 2019 ಓದಿದ್ದು ಬರೀ ಐದು ಮಾರ್ಕ್ಸಿಗಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಸೇವ್ ಮಾಡ್ಕೊಳ್ಳಿ.

ಇನ್ನೊಂದು ಲೆಕ್ಕವೂ ಇದೆ. 2022ರ ಒಂದೇ ವರ್ಷದಲ್ಲಿ ಪ್ರಪಂಚದಲ್ಲಿ ಹುಟ್ಟಿದ ಇ-ತ್ಯಾಜ್ಯ 6.2 ಕೋಟಿ ಟನ್ ಅಂತ ವಿಶ್ವಸಂಸ್ಥೆಯ ವರದಿ ಹೇಳುತ್ತೆ. ಅದರಲ್ಲಿ 320 ರೂಪಾಯಿ ಕೇಬಲ್ ಸಿಗದೇ ಸತ್ತ ಮಾನಿಟರ್‌ಗಳು ಎಷ್ಟಿವೆಯೋ.

ಮುಂದಿನ ಸಲ ನಿಮ್ಮ ಸ್ಕ್ರೀನ್ ಮಿಣುಕಿದ್ರೆ ಒಂದು ನೋಟ್‌ಬುಕ್ ತಗೊಳ್ಳಿ. ಟೈಮ್ ಬರೀರಿ. ಆ ಹೊತ್ತಲ್ಲಿ ಮನೇಲಿ ಏನು ಓಡ್ತಿದೆ, ಯಾರು ಏನು ಮಾಡ್ತಿದಾರೆ ಅಂತಲೂ ಬರೀರಿ.

ನಾನು ನಾಲ್ಕು ಸಂಜೆ ಸ್ಕ್ರೀನನ್ನೇ ನೋಡ್ತಿದ್ದೆ. ಮೂರು ಅಡಿ ದೂರದಲ್ಲಿ ಕೂತಿದ್ದ ಅಮ್ಮನನ್ನ ನೋಡಿರಲಿಲ್ಲ.

#ಮಾನಿಟರ್ #ಬಿಕಾಂಲೆಕ್ಕ #ರಿಪೇರಿಮೊದಲು #ಕನ್ನಡದಲ್ಲೇಟೆಕ್