ಮೇಣ ಕಾಸುವ ಮೊದಲು ನಾಲ್ಕು ಮಾತು ಕೇಳಿ

ದಾವಣಗೆರೆಯಲ್ಲಿ ಒಂದು ಜಂಪರು ಹೊಲಿಸಬೇಕು ಅಂತ ಹೋದರೆ ಟೈಲರು ಸುಮ್ಮನೆ ಕತ್ತರಿ ಹಾಕುವುದಿಲ್ಲ. ತೋಳು ಎಷ್ಟಿರಬೇಕು, ಕುತ್ತಿಗೆ ಎಷ್ಟು ಇಳೀಬೇಕು, ಲೈನಿಂಗ್ ಬೇಕಾ, ಬಟ್ಟೆ ನೀರಿಗೆ ಹಾಕಿ ಒಣಗಿಸಿದ್ದೀರಾ ಅಂತ ಹತ್ತು ಪ್ರಶ್ನೆ ಕೇಳ್ತಾನೆ. ಚೀಟಿಯಲ್ಲಿ ಬರೆದುಕೊಳ್ತಾನೆ. ತಪ್ಪಾದರೆ ಹೋಗೋದು ಒಂದು ಮೀಟರ್ ಬಟ್ಟೆ. ಅದೇ ರಸ್ತೆಯಲ್ಲಿ ಮಹಡಿ ಮೇಲಿರುವ ಬ್ಯೂಟಿ ಪಾರ್ಲರಿಗೆ ಹೆಣ್ಣುಮಗಳೊಬ್ಬಳು ವ್ಯಾಕ್ಸಿಂಗ್ ಮಾಡಿಸೋಕೆ ಹೋದರೆ ಕೇಳುವ ಪ್ರಶ್ನೆ ಎರಡೇ: ‘ಅರ್ಧ ಕೈನೋ, ಪೂರ್ತಿ ಕೈನೋ?’ ‘ಮಾಮೂಲಿನೋ, ಚಾಕಲೇಟೋ?’ ಮುಗೀತು. ಬಟ್ಟೆಗೆ ಇರುವ ಮರ್ಯಾದೆ ಮೈ ಚರ್ಮಕ್ಕೆ ಇಲ್ಲವೇ?

ಇದು ಹೆಂಗಸರ ವಿಷಯ, ಪತ್ರಿಕೆಯಲ್ಲಿ ಯಾಕೆ ಅಂತ ಮೂಗು ಮುರಿಯುವವರು ಇರ್ತಾರೆ. ಮುರಿಯಲಿ. ಪಾರ್ಲರು ಈಗ ಶ್ರೀಮಂತರ ಮನೆ ಹೆಂಗಸರ ಷೋಕಿಯಾಗಿ ಉಳಿದಿಲ್ಲ. ಮಂಡಿಪೇಟೆಯ ವ್ಯಾಪಾರಿಯ ಮಗಳೂ ಹೋಗ್ತಾಳೆ, ಹರಿಹರದಿಂದ ದಿನಾ ಬಸ್ಸಿನಲ್ಲಿ ಓಡಾಡುವ ಟೀಚರಮ್ಮನೂ ಹೋಗ್ತಾರೆ. ಜಿಮ್ಮಿಗೆ ಹೋಗುವ ಹುಡುಗರು ಎದೆ ಬೆನ್ನಿನ ಕೂದಲು ತೆಗೆಸಿಕೊಳ್ಳುವ ಕಾಲ ಇದು. ದುಡ್ಡು ಕೊಟ್ಟು ಮೈ ಒಪ್ಪಿಸುವ ಜಾಗದಲ್ಲಿ ಏನು ಕೇಳ್ತಾರೆ, ಏನು ಕೇಳೋದಿಲ್ಲ ಅನ್ನುವುದು ಊರಿನ ವಿಷಯವೇ.

ಕೂದಲೊಂದೇ ಕಿತ್ತು ಬರೋದಿಲ್ಲ

ವ್ಯಾಕ್ಸ್ ಅಂದರೆ ಮೇಣ. ಸಕ್ಕರೆ, ನಿಂಬೆರಸ ಹಾಕಿ ಕಾಸಿದ ಪಾಕ ಒಂದು ಬಗೆ. ಜೇನುಮೇಣ, ಪೈನ್ ಮರದ ರಾಳ ಬೆರೆಸಿ ಡಬ್ಬಿಯಲ್ಲಿ ಬರುವುದು ಇನ್ನೊಂದು ಬಗೆ. ಬೆಚ್ಚಗೆ ಬಳಿದು, ಪಟ್ಟಿ ಅಂಟಿಸಿ, ಸರಕ್ಕನೆ ಎಳೆದರೆ ಕೂದಲು ಬುಡಸಮೇತ ಬರುತ್ತದೆ. ಅದರ ಜೊತೆಗೆ ಚರ್ಮದ ಮೇಲ್ಪದರವೂ ಒಂದಿಷ್ಟು ಕಿತ್ತು ಬರುತ್ತದೆ. ಗಟ್ಟಿ ಚರ್ಮದವರಿಗೆ ಅರ್ಧ ದಿನ ಕೆಂಪಾಗಿ ಸರಿಹೋಗುತ್ತದೆ. ಬಹಳ ಜನಕ್ಕೆ ಅಷ್ಟೇ ಆಗೋದು. ಹಾಗಾಗಿಯೇ ಯಾರೂ ಕೇಳೋ ಗೋಜಿಗೆ ಹೋಗುವುದಿಲ್ಲ.

ಎಲ್ಲರ ಚರ್ಮವೂ ಗಟ್ಟಿ ಅಲ್ಲ. ಮೊಡವೆಗೆ ಡಾಕ್ಟರು ಐಸೊಟ್ರೆಟಿನಾಯಿನ್ ಅನ್ನೋ ಗುಳಿಗೆ ಬರೆದುಕೊಡ್ತಾರೆ. ಕಾಲೇಜು ಹುಡುಗಿಯರು ತಿಂಗಳುಗಟ್ಟಲೆ ನುಂಗುವ ಔಷಧಿ ಇದು. ಇದರಿಂದ ಚರ್ಮ ನಾಜೂಕಾಗುತ್ತದೆ. ಗುಳಿಗೆ ತಗೊಳ್ಳುವಾಗ, ನಿಲ್ಲಿಸಿದ ಮೇಲೂ ಕನಿಷ್ಠ 6 ತಿಂಗಳು ವ್ಯಾಕ್ಸಿಂಗ್ ಬೇಡ, ಕಲೆ ಉಳಿಯಬಹುದು ಅಂತ ಔಷಧಿಯ ಮಾಹಿತಿ ಚೀಟಿಯಲ್ಲೇ ಎಚ್ಚರಿಕೆ ಇದೆ. ಮುಖಕ್ಕೆ ಹಚ್ಚುವ ಟ್ರೆಟಿನಾಯಿನ್, ಅಡಾಪಲೀನ್ ಮುಲಾಮುಗಳದ್ದೂ ಇದೇ ತಕರಾರು. ಹಚ್ಚಿದ ಜಾಗಕ್ಕೆ ಮೇಣ ಬಳಿದು ಎಳೆದರೆ ಚರ್ಮವೇ ಸುಲಿದು ಬರಬಹುದು. ಮೇಲ್ತುಟಿಯ ಮೇಲೆ ಹೀಗೆ ಸುಲಿದರೆ ಆ ಹುಡುಗಿ ತಿಂಗಳುಗಟ್ಟಲೆ ಕರ್ಚೀಫು ಅಡ್ಡ ಹಿಡಿದುಕೊಂಡೇ ಬಸ್ ಹತ್ತಬೇಕು. ‘ಮೊಡವೆಗೆ ಏನಾದ್ರೂ ತಗೋತಿದ್ದೀಯೇನಮ್ಮಾ?’ ಅಂತ ಒಂದು ಮಾತು ಕೇಳಿದ್ದರೆ ಇದು ತಪ್ಪುತ್ತಿತ್ತು.

ಇನ್ನು ಬೆಳ್ಳಗಾಗುವ ಮುಲಾಮಿನ ಕಥೆ. ಪಕ್ಕದ ಮನೆಯವರು ಹೇಳಿದರು, ಮೆಡಿಕಲ್ ಶಾಪಿನವರು ಕೊಟ್ಟರು ಅಂತ ಸ್ಟೆರಾಯ್ಡ್ ಬೆರೆತ ಕ್ರೀಮನ್ನು ವರ್ಷಗಟ್ಟಲೆ ಮುಖಕ್ಕೆ ಬಳಿಯುವವರು ನಮ್ಮಲ್ಲಿ ಕಡಿಮೆ ಇಲ್ಲ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೆರಾಯ್ಡ್ ಮುಲಾಮುಗಳನ್ನು ‘ಶೆಡ್ಯೂಲ್ ಎಚ್’ ಪಟ್ಟಿಗೆ ಸೇರಿಸಿತು. ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಮಾರುವುದು ನಿಂತಿದೆಯೇ? ಓದುಗರೇ ಹೇಳಲಿ. ಈ ಮುಲಾಮು ಬಹಳ ದಿನ ಹಚ್ಚಿದರೆ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ತೆಳ್ಳಗಾಗುತ್ತದೆ, ಮುಖದ ಮೇಲೆ ಕೂದಲೂ ಹೆಚ್ಚಾಗಬಹುದು. ಕೂದಲು ಬಂತು ಅಂತ ಪಾರ್ಲರಿಗೆ ಓಡಿ, ಆ ತೆಳು ಚರ್ಮಕ್ಕೇ ಬಿಸಿ ಮೇಣ ಬಳಿಸಿಕೊಂಡರೆ ಗತಿ ಏನು?

ಸಕ್ಕರೆ ಕಾಯಿಲೆಯವರದ್ದು ಬೇರೆ ಪಾಡು. ಬಹಳ ವರ್ಷದಿಂದ ಕಾಯಿಲೆ ಇದ್ದವರಿಗೆ ಕಾಲಿನಲ್ಲಿ ಬಿಸಿ ತಣ್ಣಗೆ ಸರಿಯಾಗಿ ಗೊತ್ತಾಗದೆ ಹೋಗಬಹುದು. ಮೇಣ ಸುಡುತ್ತಿದ್ದರೂ ‘ಅಯ್ಯೋ’ ಅನ್ನೋದಿಲ್ಲ. ಗಾಯವಾದರೆ ಬೇಗ ಮಾಯುವುದೂ ಇಲ್ಲ. ಹೃದಯದ ತೊಂದರೆಗೆ ರಕ್ತ ತೆಳುವಾಗುವ ಮಾತ್ರೆ ನುಂಗುವವರಿಗೆ ಪಟ್ಟಿ ಎಳೆದ ಜಾಗ ರಕ್ತ ಹೆಪ್ಪುಗಟ್ಟಿ ನೀಲಿಯಾಗಬಹುದು. ಕಾಲಿನಲ್ಲಿ ರಕ್ತನಾಳ ಉಬ್ಬಿದ್ದರೆ, ಮಚ್ಚೆ ಎದ್ದು ನಿಂತಿದ್ದರೆ, ನರಹುಲಿ ಇದ್ದರೆ, ಗಾಯ ಹಸಿ ಇದ್ದರೆ ಆ ಜಾಗ ಬಿಡಲೇಬೇಕು. ಕೆಲವರಿಗೆ ಮೇಣದಲ್ಲಿರುವ ರಾಳವೇ ಆಗುವುದಿಲ್ಲ, ಮೈ ದದ್ದೇಳುತ್ತದೆ. ಇವೆಲ್ಲ ಹಣೆ ಮೇಲೆ ಬರೆದಿರೋದಿಲ್ಲ. ಬಾಯಿಬಿಟ್ಟು ಕೇಳಬೇಕು, ದೀಪದ ಬೆಳಕಿನಲ್ಲಿ ಕಣ್ಣಿಟ್ಟು ನೋಡಬೇಕು.

ಸಾಯಂಕಾಲದ ಬಸ್ಸಿನ ಆತುರ

ಕೇಳದೇ ಇರೋದಕ್ಕೆ ಪಾರ್ಲರಿನವರನ್ನೇ ಬೈದು ಕೂತರೆ ಅನ್ಯಾಯವಾದೀತು. ಯುಗಾದಿ ಕಳೆದರೆ ಮದುವೆ ಸುಗ್ಗಿ. ಜಗಳೂರು, ಹೊನ್ನಾಳಿ, ಚನ್ನಗಿರಿ ಕಡೆಯಿಂದ ಮದುವೆ ಜವಳಿಗೆ ಅಂತ ಇಡೀ ಮನೆಯೇ ದಾವಣಗೆರೆಗೆ ಬರುತ್ತದೆ. ಬೆಳಿಗ್ಗೆ ಬೆಣ್ಣೆದೋಸೆ, ಮಧ್ಯಾಹ್ನದ ತನಕ ಸೀರೆ, ಆಮೇಲೆ ಬಳೆ, ಕೊನೆಗೆ ಒಂದು ಗಂಟೆ ಪಾರ್ಲರು. ಸಾಯಂಕಾಲದ ಬಸ್ ತಪ್ಪಬಾರದು. ‘ಅಕ್ಕಾ, ಬೇಗ ಮುಗಿಸಿಬಿಡಿ, ನಮ್ಮಪ್ಪ ಕೆಳಗೆ ಕಾಯ್ತಾ ನಿಂತಾರೆ’ ಅನ್ನುವ ಹುಡುಗಿಗೆ ಯಾವ ಪಾರ್ಲರಿನಾಕೆ ಕೂರಿಸಿಕೊಂಡು ವಿಚಾರಿಸಿಯಾಳು? ವಿಚಾರಿಸಿದರೂ ‘ಇದೇನು ಪೊಲೀಸ್ ಸ್ಟೇಷನ್ನಾ?’ ಅಂತ ಗಿರಾಕಿಯೇ ರೇಗ್ತಾಳೆ. ಹಿಂದೆ ಬೆಂಚಿನ ಮೇಲೆ ಇನ್ನೂ ನಾಲ್ಕು ಜನ ಕಾಯ್ತಿರ್ತಾರೆ.

ಹಾಗಂತ ಬಿಟ್ಟರೆ ಆಗೋದೇನು? ಮದುವೆಗೆ ಮೂರು ದಿನ ಇರುವಾಗ ಜೀವಮಾನದಲ್ಲಿ ಮೊದಲ ಸಲ ವ್ಯಾಕ್ಸಿಂಗ್. ಮಾರನೇ ದಿನ ಕೈತುಂಬ ಕೆಂಪು ಗುಳ್ಳೆ. ಅದರ ಮೇಲೆ ಅರಿಶಿನ ಶಾಸ್ತ್ರ. ಮುತ್ತೈದೆಯರು ಸಂಭ್ರಮದಿಂದ ಅರಿಶಿನ ತಿಕ್ಕುತ್ತಿದ್ದರೆ ಹುಡುಗಿ ಉರಿ ತಾಳಲಾರದೆ ಹಲ್ಲು ಕಚ್ಚಿಕೊಂಡು ಕೂತಿರ್ತಾಳೆ. ಹೊಸದಾಗಿ ಕೂದಲು ಕಿತ್ತ ಚರ್ಮವನ್ನು ಒಂದೆರಡು ದಿನ ಉಜ್ಜಬಾರದು, ಬಿಸಿ ನೀರು ಹುಯ್ಯಬಾರದು, ಬಿಸಿಲಿಗೆ ಒಡ್ಡಬಾರದು. ‘ಅರಿಶಿನ ಹಚ್ಚೋದು ಯಾವತ್ತು?’ ಅನ್ನುವ ಒಂದೇ ಪ್ರಶ್ನೆ ಕೇಳಿದ್ದರೆ ಪಾರ್ಲರಿನವರು ದಿನ ಹಿಂದೆ ಮುಂದೆ ಮಾಡಿ ಹೇಳಬಹುದಿತ್ತು. ಮೊದಲ ಸಲದವರನ್ನು ‘ಮದುವೆಗೆ ಒಂದು ತಿಂಗಳು ಮುಂಚೆ ಒಮ್ಮೆ ಬಂದು ನೋಡ್ಕೊಳ್ಳಮ್ಮಾ’ ಅಂತ ಕಳಿಸಬಹುದಿತ್ತು.

ದಾರಿ ಇಲ್ಲದೇ ಇಲ್ಲ. ಸೀರೆ ಖರೀದಿಗೆ ಬಂದ ದಿನವೇ ಐದು ನಿಮಿಷ ಪಾರ್ಲರಿನಲ್ಲಿ ಕೂತು ಮಾತಾಡಲಿ. ಮುಂಗೈ ಒಳಭಾಗದಲ್ಲಿ ಎಂಟಾಣೆ ಅಗಲದಷ್ಟು ಜಾಗಕ್ಕೆ ಮೇಣ ಹಚ್ಚಿ ತೆಗೆಯಲಿ. ಊರಿಗೆ ಹೋಗಿ ಎರಡು ದಿನ ನೋಡಲಿ. ದದ್ದು, ತುರಿಕೆ ಇಲ್ಲ ಅಂದರೆ ಜಂಪರು ತಗೊಂಡು ಹೋಗಲು ಬಂದ ದಿನ ಕೆಲಸ ಮಾಡಿಸಿಕೊಳ್ಳಲಿ. ಹೇಗೂ ಎರಡು ಸಲ ಬಸ್ ಚಾರ್ಜ್ ಇದ್ದದ್ದೇ. ಅಷ್ಟೂ ಆಗಲಿಲ್ಲ ಅಂದರೆ ದಿನ ಗೊತ್ತು ಮಾಡುವಾಗ ಫೋನಿನಲ್ಲೇ ಕೇಳಬಹುದಲ್ಲ? ಹಳೇ ಗಿರಾಕಿಗೆ ಪ್ರತಿ ಸಲ ಪುರಾಣ ಓದಬೇಕಾಗಿಲ್ಲ. ‘ಹೋದ ಸಲ ಆದ್ಮೇಲೆ ಹೊಸ ಮಾತ್ರೆ, ಮುಲಾಮು ಏನಾದ್ರೂ ಶುರು ಮಾಡಿದ್ರಾ?’ ಅಂದರೆ ಸಾಕು.

ನಾಚಿಕೆಗೂ ಒಂದು ಪರದೆ ಬೇಕು

ಇನ್ನೊಂದು ಸೂಕ್ಷ್ಮ ಇದೆ. ಕೇಳಿದ ಕೂಡಲೇ ಹೆಣ್ಣುಮಕ್ಕಳು ನಿಜ ಹೇಳಿಬಿಡ್ತಾರೆ ಅಂತಿಲ್ಲ. ಹತ್ತು ಜನರ ಎದುರಿಗೆ ‘ಶುಗರ್ ಇದೆಯಾ? ಎಷ್ಟು ತಿಂಗಳು? ಏನು ಮಾತ್ರೆ?’ ಅಂತ ಕೂಗಿ ಕೇಳಿದರೆ ಯಾರು ಬಾಯಿ ಬಿಡ್ತಾರೆ? ಗಂಡು ನೋಡುತ್ತಿರುವ ಹುಡುಗಿ ‘ಏನೂ ಇಲ್ಲ’ ಅಂತಲೇ ಹೇಳ್ತಾಳೆ. ಹಾಗಾಗಿ ಕೇಳುವ ಜಾಗ ಪರದೆಯ ಒಳಗಿರಬೇಕು, ದನಿ ತಗ್ಗಿರಬೇಕು. ಅಲ್ಲಿ ಕೇಳಿದ್ದು ಅಲ್ಲೇ ಉಳಿಯಬೇಕು. ಪಾರ್ಲರಿನಿಂದ ಹೊರಟ ಮಾತು ಪಿ.ಜೆ. ಬಡಾವಣೆ ದಾಟಿ ವಿದ್ಯಾನಗರ ಮುಟ್ಟಿತು ಅಂದರೆ ಮಾರನೇ ದಿನದಿಂದ ಆ ಅಂಗಡಿಗೆ ಯಾರೂ ನಿಜ ಹೇಳೋದಿಲ್ಲ.

ಹೀಗೆ ತಗ್ಗಿದ ದನಿಯಲ್ಲಿ ಕೇಳುವುದರಿಂದ ಇನ್ನೊಂದು ಉಪಕಾರವೂ ಉಂಟು. ಗಲ್ಲದ ಮೇಲೆ ಇದ್ದಕ್ಕಿದ್ದಂತೆ ದಪ್ಪ ಕೂದಲು ಬರುತ್ತಿದೆ, ಮುಟ್ಟು ತಿಂಗಳುಗಟ್ಟಲೆ ತಪ್ಪುತ್ತಿದೆ ಅಂದರೆ ಅದು ಪಿಸಿಓಡಿ ಅಂತ ಜನ ಕರೆಯುವ ತೊಂದರೆ ಇರಬಹುದು. ಅಂಥವಳಿಗೆ ಹದಿನೈದು ದಿನಕ್ಕೊಮ್ಮೆ ಮೇಣ ಎಳೆದು ದುಡ್ಡು ಎಣಿಸುವುದು ಸುಲಭ. ‘ಒಂದ್ಸಲ ಡಾಕ್ಟರಿಗೆ ತೋರಿಸಮ್ಮಾ’ ಅನ್ನುವುದಕ್ಕೆ ದೊಡ್ಡ ಮನಸ್ಸು ಬೇಕು. ತಾಯಿಗೂ ಹೇಳದ್ದನ್ನು ಹುಡುಗಿಯರು ಪಾರ್ಲರಿನ ಅಕ್ಕನ ಹತ್ತಿರ ಹೇಳಿಕೊಳ್ಳುವುದುಂಟು. ಆಕೆ ಡಾಕ್ಟರಲ್ಲ, ಕಾಯಿಲೆ ಹೆಸರು ಹೇಳುವ ಅಧಿಕಾರ ಆಕೆಗಿಲ್ಲ. ಆದರೆ ದಾರಿ ತೋರಿಸಬಹುದು.

ಮಾತು ಎರಡೂ ಕಡೆಯಿಂದ ಆಗಬೇಕು. ಗಿರಾಕಿಯೂ ಕೇಳಲಿ. ಮೇಣದ ಬಿಸಿ ಮೊದಲು ನಿಮ್ಮ ಮಣಿಕಟ್ಟಿನ ಮೇಲೆ ನೋಡ್ತೀರಾ? ಬಳಿಯುವ ಕಡ್ಡಿ ಹೊಸದೇ? ಒಬ್ಬರ ಮೈಗೆ ಮುಟ್ಟಿಸಿದ ಕಡ್ಡಿಯನ್ನು ಮತ್ತೆ ಅದೇ ಡಬ್ಬಿಗೆ ಅದ್ದುತ್ತೀರಾ? ಈ ಕೊನೆಯದು ಮುಖ್ಯ. ‘ಬಿಸಿ ಮೇಣದಲ್ಲಿ ಎಲ್ಲಾ ಸತ್ತುಹೋಗುತ್ತೆ ಬಿಡಿ’ ಅನ್ನುವ ಮಾತು ಸುಳ್ಳು. ಮೈಗೆ ಬಳಿಯುವಷ್ಟು ಬಿಸಿಗೆ ರೋಗಾಣು ಎಲ್ಲ ಸಾಯೋದಿಲ್ಲ. ಕೂದಲ ಬುಡದಲ್ಲಿ ಕೀವು ಕಟ್ಟುವ ಸೋಂಕು ಹೀಗೂ ಒಬ್ಬರಿಂದ ಒಬ್ಬರಿಗೆ ದಾಟಬಹುದು.

ಬರೆದಿಟ್ಟರೆ ಇಬ್ಬರಿಗೂ ಕ್ಷೇಮ

ಗಲ್ಲಾಪೆಟ್ಟಿಗೆ ಮೇಲೆ ಕೂತವರಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳುವುದಾದರೆ, ಇದು ಲೆಕ್ಕದ ವಿಷಯ. ‘ಇವತ್ತು ಬೇಡ, ನಿಮ್ಮ ಚರ್ಮ ಸರಿಯಿಲ್ಲ’ ಅಂದರೆ ಆ ಹೊತ್ತಿನ ಮುನ್ನೂರು ರೂಪಾಯಿ ಹೋಯಿತು. ಒಬ್ಬಳ ಚರ್ಮ ಸುಲಿದರೆ? ಈ ಅಂಗಡಿಗಳಲ್ಲಿ ಎಷ್ಟೋ ನಡೆಯುತ್ತಿರುವುದು ಸಂಘದ ಸಾಲ, ಒಡವೆ ಅಡವಿನ ಮೇಲೆ. ಒಂದು ಸುಟ್ಟ ಗಾಯದ ಸುದ್ದಿ ಊರು ಸುತ್ತಿದರೆ ಬಾಗಿಲು ಹಾಕಬೇಕಾದೀತು.

ಕಾನೂನೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದುಡ್ಡು ಪಡೆದು ಮಾಡುವ ಸೇವೆಯಲ್ಲಿ ಲೋಪವಾದರೆ 2 ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೂ ಇಲ್ಲ. ದೆಹಲಿಯ ದೊಡ್ಡ ಹೋಟೆಲೊಂದರ ಸಲೂನಿನಲ್ಲಿ ಹೇಳಿದ್ದಕ್ಕಿಂತ ತುಂಡಾಗಿ ಕೂದಲು ಕತ್ತರಿಸಿದರು ಅನ್ನುವ ದೂರಿಗೆ 2021ರಲ್ಲಿ ರಾಷ್ಟ್ರೀಯ ಆಯೋಗ 2 ಕೋಟಿ ರೂಪಾಯಿ ಪರಿಹಾರ ಕೊಡಿಸಿತ್ತು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಸೇವೆಯ ಲೋಪದ ತೀರ್ಮಾನವನ್ನು ಹಾಗೇ ಬಿಟ್ಟು, ಅಷ್ಟು ದೊಡ್ಡ ಮೊತ್ತಕ್ಕೆ ಪುರಾವೆ ಬೇಕು ಅಂತ ಮೊತ್ತವನ್ನು ರದ್ದು ಮಾಡಿ ಮತ್ತೆ ವಿಚಾರಣೆಗೆ ಕಳಿಸಿತು. ಅಂದರೆ ಏನಾಯಿತು? ಹೇಳಿದ್ದೇನು, ಕೇಳಿದ್ದೇನು, ನಷ್ಟವೆಷ್ಟು ಅನ್ನುವುದಕ್ಕೆ ಕಾಗದ ಇದ್ದವರು ಗಟ್ಟಿ. ಒಂದು ನೋಟ್‌ಬುಕ್ಕಿನಲ್ಲಿ ಗಿರಾಕಿಯ ಉತ್ತರ, ತಾರೀಖು, ಒಂದು ಸಹಿ ಇದ್ದರೆ ಪಾರ್ಲರಿನಾಕೆಗೂ ರಕ್ಷಣೆ, ಗಿರಾಕಿಗೂ ರಕ್ಷಣೆ.

ಪಾಲಿಕೆಯವರ ಪಾತ್ರ ಏನು? ಉದ್ದಿಮೆ ಪರವಾನಗಿಗೆ ಕಟ್ಟಡದ ಕಾಗದ, ಬಾಡಿಗೆ ಕರಾರು, ಶುಲ್ಕ ಎಲ್ಲ ಕೇಳುವವರು, ಮೇಣ ಬಳಿಯುವಾಕೆ ಎಲ್ಲಿ ಕಲಿತಳು ಅಂತಲೂ ಒಂದು ಕಾಲಂ ಸೇರಿಸಬಾರದೇ? ಕಲಿಯುವುದಕ್ಕೆ ಜಾಗ ಇಲ್ಲ ಅನ್ನುವ ಹಾಗಿಲ್ಲ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಈಗ ಜಿಲ್ಲೆ ಜಿಲ್ಲೆಗೂ ಬ್ಯಾಂಕುಗಳ ಸ್ವಉದ್ಯೋಗ ತರಬೇತಿ ಕೇಂದ್ರಗಳಿವೆ. ಅಲ್ಲಿ ಬ್ಯೂಟಿ ಪಾರ್ಲರ್ ಕೆಲಸವನ್ನೂ ಉಚಿತವಾಗಿ ಕಲಿಸುತ್ತಾರೆ. ಹುಬ್ಬು ತಿದ್ದುವುದು, ಮೇಣ ಎಳೆಯುವುದು ಕಲಿಸುವಷ್ಟೇ ಗಟ್ಟಿಯಾಗಿ ‘ಮೊದಲು ಕೇಳು’ ಅನ್ನುವುದನ್ನೂ ಕಲಿಸಲಿ. ನಮ್ಮ ಪಾರ್ಲರಿನವರು ಒಂದು ದಿನ ಒಟ್ಟಿಗೆ ಕೂತು, ಚರ್ಮದ ಡಾಕ್ಟರೊಬ್ಬರನ್ನು ಕರೆಸಿ, ಹತ್ತು ಪ್ರಶ್ನೆಯ ಒಂದು ಕನ್ನಡ ಚೀಟಿ ಅಚ್ಚು ಹಾಕಿಸಿದರೆ ಖರ್ಚು ಎಷ್ಟಾದೀತು? ಒಂದು ಪೋಸ್ಟರಿನಷ್ಟೂ ಆಗಲಿಕ್ಕಿಲ್ಲ.

ಅಲ್ಲಿಯವರೆಗೆ ಗಿರಾಕಿಗಳೇ ಹುಷಾರಾಗಿರಬೇಕು. ಏನೂ ಕೇಳದೆ ಮೇಣದ ಡಬ್ಬಿ ಎತ್ತಿಕೊಂಡವರಿಗೆ ‘ಸ್ವಲ್ಪ ತಡೀರಿ ಮೇಡಂ, ನಾನು ತಗೊಳ್ತಿರೋ ಮಾತ್ರೆ ಇದು’ ಅಂತ ಹೇಳಿ. ಕೇಳಿಸಿಕೊಂಡರೆ ಕೂತುಕೊಳ್ಳಿ. ‘ಅದೆಲ್ಲಾ ಏನೂ ಆಗಲ್ಲ ಬನ್ನಿ’ ಅಂದರೆ ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿಯಿರಿ. ಬಸ್ಸು ಇನ್ನೊಂದು ಬರುತ್ತೆ, ಪಾರ್ಲರು ಇನ್ನೊಂದು ಸಿಗುತ್ತೆ.