ಕೊಲೆಗಾರನಿಗೂ ವಯಸ್ಸಾಗಬೇಕು

“ಓದೋಕೆ ಬೇರೇನೂ ಸಿಗಲಿಲ್ವಾ? ಕೊಲೆಗಡುಕರ ಕಥೇನೇ ಬೇಕಿತ್ತಾ?”

ರಾಕ್‌ವಿಲ್‌ನಲ್ಲಿ ನಾವು ಕೆಲವರು ಸೇರಿ ಈ ವರ್ಷ ಓದಿದ ಕಾದಂಬರಿಯ ಬಗ್ಗೆ ಮನೆಯಲ್ಲಿ ಅಮ್ಮಂದಿರು ಕೇಳಿದ್ದು ಇದು. ಕೊರಿಯಾದ ಲೇಖಕಿ ಗು ಬ್ಯೊಂಗ್-ಮೊ ಬರೆದ ಆ ಕಾದಂಬರಿ 2022ರಲ್ಲಿ ‘ದಿ ಓಲ್ಡ್ ವುಮನ್ ವಿತ್ ದ ನೈಫ್’ ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ಬಂತು. ನಾಯಕಿಗೆ 65 ವರ್ಷ. ಕಸುಬು ಸುಪಾರಿ ಕೊಲೆ.

ಅಮ್ಮಂದಿರ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವ ಹಾಗಿಲ್ಲ. ನಮ್ಮದೇ ಮಾಂಟ್ಗೊಮರಿ ಕೌಂಟಿಯ ಸಿಲ್ವರ್ ಸ್ಪ್ರಿಂಗ್‌ನಲ್ಲಿ 1993ರ ಮಾರ್ಚ್‌ನಲ್ಲಿ ಎಂಟು ವರ್ಷದ ಅಂಗವಿಕಲ ಹುಡುಗ, ಅವನ ತಾಯಿ ಮತ್ತು ರಾತ್ರಿಪಾಳಿಯ ದಾದಿ ಕೊಲೆಯಾದರು. ಸುಪಾರಿ ಕೊಟ್ಟವನು ಆ ಹುಡುಗನ ತಂದೆಯೇ, ಹಣದ ಆಸೆಗೆ. ಕೊಂದವನು ‘ಹಿಟ್ ಮ್ಯಾನ್’ ಎಂಬ ಕೈಪಿಡಿ ತರಿಸಿಕೊಂಡು ಅದರಲ್ಲಿದ್ದಂತೆ ನಡೆದುಕೊಂಡಿದ್ದ. ಸತ್ತವರ ಕುಟುಂಬದವರು ಪ್ರಕಾಶಕರ ಮೇಲೆ ಮೊಕದ್ದಮೆ ಹೂಡಿದರು. ಇಂಥ ಪುಸ್ತಕಕ್ಕೆ ವಾಕ್ ಸ್ವಾತಂತ್ರ್ಯದ ಆಸರೆ ತಾನಾಗಿ ಸಿಗದು, ವಿಚಾರಣೆ ನಡೆಯಲಿ ಎಂದು 1997ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. 1999ರಲ್ಲಿ ಪ್ರಕಾಶಕರು ರಾಜಿಯಾಗಿ, ಪುಸ್ತಕ ಮಾರುವುದನ್ನು ನಿಲ್ಲಿಸಿದರು. ಅದನ್ನು ಬರೆದಾಕೆ ಮೊದಲು ಹೊರಟಿದ್ದು ಕಾದಂಬರಿ ಬರೆಯೋಕೆ ಅಂತ ಆಗ ವರದಿಗಳು ಬಂದಿದ್ದವು.

ಹಾಗಾದ್ರೆ ಕೈಪಿಡಿಗೂ ಕಾದಂಬರಿಗೂ ಏನು ವ್ಯತ್ಯಾಸ? ಕೈಪಿಡಿಯ ಕೊಲೆಗಾರನಿಗೆ ಮೈ ಇಲ್ಲ, ನೆನಪಿಲ್ಲ, ವಯಸ್ಸೂ ಆಗಲ್ಲ. ಸಾಯುವವರಿಗಂತೂ ಮುಖವೇ ಇಲ್ಲ. ಕೊರಿಯಾದ ಕಾದಂಬರಿಯ ಅಜ್ಜಿ ರೈಲಿನಲ್ಲಿ ಯಾರ ಕಣ್ಣಿಗೂ ಬೀಳದಂತೆ ಕೊಲ್ಲುತ್ತಾಳೆ, ನಿಜ. ಆದರೆ ಅವಳ ಮೈ ಸೋಲುತ್ತಿದೆ. ಮನೆಯಲ್ಲೊಂದು ಮುದಿ ನಾಯಿ. ಗಾಯಕ್ಕೆ ಮದ್ದು ಹಾಕಿದ ವೈದ್ಯನ ಸಂಸಾರದ ಮೇಲೆ ಬೇಡವೆಂದರೂ ಮನಸ್ಸು ಹರಿಯುತ್ತದೆ. ಹಿಂದೆ ಮುಗಿಸಿದ ‘ಕೆಲಸ’ವೊಂದು ಬೆಳೆದು ದೊಡ್ಡದಾಗಿ ಅವಳ ಮುಂದೆ ಬಂದು ನಿಲ್ಲುತ್ತದೆ. ಮುಪ್ಪು ಇಲ್ಲಿ ಲೆಕ್ಕ ಕೇಳುತ್ತದೆ.

ಕನ್ನಡದಲ್ಲೂ ಇದಕ್ಕೆ ಹತ್ತಿರದ ಪುಸ್ತಕವಿದೆ: ಅಗ್ನಿ ಶ್ರೀಧರ್ ಅವರ ‘ಎದೆಗಾರಿಕೆ’. ಭೂಗತ ಲೋಕವನ್ನು ಒಳಗಿನಿಂದ ಕಂಡವರು ಬರೆದದ್ದು. ಮುಂಬೈಯ ಸುಪಾರಿ ಹಂತಕ ಸೋನಾನನ್ನು ಕೊಲ್ಲಲೆಂದೇ ಸಕಲೇಶಪುರದ ಕಡೆ ಕರೆತರುತ್ತಾರೆ. ತನ್ನ ಸಾವು ಅವನಿಗೆ ಗೊತ್ತು. ಅವನ ಜೊತೆ ಕೂತು ಮಾತಾಡಿದವರಿಗೆ ಕೈ ಎತ್ತುವುದು ಕಷ್ಟವಾಗುತ್ತದೆ. ಸಾಯುವವನಿಗೆ ಮುಖ ಸಿಕ್ಕರೆ ಆಗುವುದೇ ಇದು. ಸುಮನಾ ಕಿತ್ತೂರು ಇದನ್ನು 2012ರಲ್ಲಿ ಸಿನಿಮಾ ಮಾಡಿದರು.

ಆದರೆ ಸೋನಾ ಮುದುಕನಾಗಲೇ ಇಲ್ಲ. ನಮ್ಮ ಲಾಂಗು-ಮಚ್ಚಿನ ಸಿನಿಮಾಗಳಲ್ಲೂ ಅಷ್ಟೇ: ಹೀರೊ ಸಾಯ್ತಾನೆ ಇಲ್ಲವೇ ಒಳ್ಳೆಯವನಾಗ್ತಾನೆ, ಶಿಳ್ಳೆ ಬೀಳುತ್ತೆ, ಪರದೆ ಇಳಿಯುತ್ತೆ. ಬದುಕಿ ಉಳಿದವನ ಕಥೆ ಏನು? ಮಂಡಿನೋವಿನ ಮಾತ್ರೆಗಾಗಿ ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತಾಗ, ಹಿಂದೆ ನಿಂತವರು ಯಾರ ಮಗನೋ, ಯಾರ ಹೆಂಡತಿಯೋ ಅಂತ ತಿರುಗಿ ನೋಡುವವನ ಕಥೆ? ಅಂಥ ಕನ್ನಡ ಕಾದಂಬರಿ ನಮಗೆ ಬೇಕು. ನಮ್ಮಲ್ಲೇ ಯಾರಾದ್ರೂ ಬರೆದರೆ ಇನ್ನೂ ಸಂತೋಷ.

ಅಮ್ಮಂದಿರಿಗೆ ನಮ್ಮ ಉತ್ತರವೂ ಇಷ್ಟೇ: ಕೊಲೆ ಸುಲಭ ಅನ್ನುವ ಪುಸ್ತಕಕ್ಕೆ ನಾವೂ ಹೆದರುತ್ತೇವೆ. ಕೊಂದ ಮೇಲೂ ಮೂವತ್ತು ವರ್ಷ ಬದುಕಬೇಕು ಅನ್ನುವ ಪುಸ್ತಕವನ್ನು ನೀವೂ ಒಮ್ಮೆ ಓದಿ.