ಒಲೆ ಹಚ್ಚದೆ ನಿಂಬೆ ಸಿರಪ್



ಬೇಸಿಗೆ ಬಂತೆಂದರೆ ನಮ್ಮ ಓಬಳಾಪುರದ ಸುತ್ತ ನೆರಳೂ ಬಿಸಿಯೇ. ಬಿಸಿಲಲ್ಲಿ ಬಂದವರಿಗೆ ಕೊಡಲು ಮನೆಯಲ್ಲಿ ಒಂದು ಬಾಟಲಿ ನಿಂಬೆ ಸಿರಪ್ ಇರಲಿ. ಅದಕ್ಕೆ ಒಲೆ ಬೇಡ. ಕರಾವಳಿಯವರು ಪುನರ್ಪುಳಿ ಸಿಪ್ಪೆಗೆ ಸಕ್ಕರೆ ತುಂಬಿ, ಬಿಸಿಲಿಗಿಟ್ಟು ರಸ ಇಳಿಸುವುದೂ ಹೀಗೆಯೇ.

ಹಣ್ಣು ತೊಳೆದು, ಒರೆಸಿ, ಹಿಂಡಿ ಸೋಸಿ. 500 ಗ್ರಾಂ ರಸಕ್ಕೆ 1 ಕಿಲೋ ಸಕ್ಕರೆ. ಗಾಜಿನ ಭರಣಿಗೆ ಹಾಕಿ, ದಿನಕ್ಕೆ ಮೂರ್ನಾಲ್ಕು ಸಲ ಒಣ ಚಮಚದಿಂದ ಕಲಕಿದರೆ ಒಂದೆರಡು ದಿನದಲ್ಲಿ ಕರಗುತ್ತದೆ. ಕಾಯಿಸದ ಕಾರಣ ಪರಿಮಳವೂ 'ಸಿ' ಜೀವಸತ್ವವೂ ಹೆಚ್ಚು ಉಳಿಯುತ್ತವೆ.

ಒಮ್ಮೆ ನಾವು ಆರೋಗ್ಯದ ಹೆಸರಿನಲ್ಲಿ ಸಕ್ಕರೆಯನ್ನು ಅರ್ಧಕ್ಕೆ ಇಳಿಸಿ, ಭರಣಿಯನ್ನು ಹೊರಗೇ ಇಟ್ಟೆವು. ಹದಿನೈದು ದಿನದೊಳಗೆ ನೊರೆ ಬಂತು. ಮುಚ್ಚಳ ತೆಗೆದರೆ ಹೆಂಡದ ವಾಸನೆ! ಅಷ್ಟನ್ನೂ ಚೆಲ್ಲಬೇಕಾಯಿತು. ಕುದಿಸದ ಸಿರಪ್ಪಿಗೆ ಸಕ್ಕರೆಯೇ ಕಾವಲು. ರಸದ ನೀರನ್ನು ಅದು ಹಿಡಿದಿಟ್ಟುಕೊಂಡರೆ ಹುಳಿ ಬರಿಸುವ ಸೂಕ್ಷ್ಮಜೀವಿಗಳು ಬೆಳೆಯಲಾರವು.

ಆದ್ದರಿಂದ ಮಾಡುವಾಗ ಸಕ್ಕರೆ ಕಡಿಮೆ ಮಾಡಬೇಡಿ, ಕುಡಿಯುವಾಗ ಸಿರಪ್ ಕಡಿಮೆ ಮಾಡಿ. ಒಂದು ಲೋಟ ನೀರಿಗೆ ಎರಡು ಚಮಚ ಸಾಕು. ಫ್ರಿಜ್ಜಿನಲ್ಲಿಟ್ಟು ತಿಂಗಳೊಳಗೆ ಮುಗಿಸಿ. ಸಕ್ಕರೆ ಕಾಯಿಲೆಯವರು ಬಂದರೆ ನಿಂಬೆ ಹಿಂಡಿದ ನೀರಿಗೆ ಚಿಟಿಕೆ ಉಪ್ಪು ಬೆರೆಸಿ ಕೊಡಿ. ಎಲ್ಲರೂ ಕುಡಿಯುವಾಗ ಅವರೊಬ್ಬರನ್ನೇ ಬರಿಗೈಯಲ್ಲಿ ಕೂರಿಸಬೇಡಿ.